ಧರ್ಮದ ಹೆಸರಿನ ರಿಯಾಯಿತಿ

ಪಂಚಕಲ್ಯಾಣವಿರಲಿ, ಚಾತುರ್ಮಾಸವಿರಲಿ, ಮಹಾವೀರ ಜಯಂತಿಯಿರಲಿ, ಸಮಾಜದ ಯಾವ ಶುಭಕಾರ್ಯಕ್ಕೂ ಅಚ್ಚಾದ ಆಮಂತ್ರಣ ಬೇಕು. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಇಬ್ಬರ ಕೈದಾಟಿ ಬರುತ್ತದೆ. ಇಂದಿರಾನಗರದಲ್ಲೋ ಕೃಷ್ಣರಾಜಪುರದಲ್ಲೋ ಇಬ್ಬರು ಮೂವರು ಕೂಡಿ ನಡೆಸುವ ವಿನ್ಯಾಸಗೃಹವು ಚಿತ್ರವನ್ನೂ ಅಕ್ಷರವನ್ನೂ ಹೊಂದಿಸುತ್ತದೆ. ಶಿವಾಜಿನಗರ, ಹಲಸೂರುಗಳ ಗಲ್ಲಿಯ ಸಣ್ಣ ಮುದ್ರಣಾಲಯವು ಅದನ್ನು ಕಾಗದಕ್ಕಿಳಿಸುತ್ತದೆ. ಈ ಇಬ್ಬರೊಡನೆ ನಾವು ನಡೆದುಕೊಳ್ಳುವ ರೀತಿ ಶ್ರಾವಕರಿಗೆ ತಕ್ಕುದೇ ಎಂಬುದನ್ನು ವಿಚಾರಿಸಬೇಕಾಗಿದೆ.

ಬೆಲೆ ಹೇಳಿದೊಡನೆ ನಮ್ಮ ಬಾಯಿಂದ ಬರುವ ಮಾತು, "ಇದು ಧರ್ಮಕಾರ್ಯ, ಕಡಿಮೆ ಮಾಡಿ" ಎಂಬುದು. ಮೊದಲು ಮೂರು ಮಾದರಿ ತೋರಿಸಿರೆಂದು ಕೇಳುತ್ತೇವೆ. ಅವುಗಳಿಗೆ ಕಾಸು ಕೊಡುವುದಿಲ್ಲ. ಕೆಲವೊಮ್ಮೆ ಒಬ್ಬರ ಮಾದರಿಯನ್ನು ಇನ್ನೊಬ್ಬರಿಂದ ಅಗ್ಗದಲ್ಲಿ ನಕಲು ಮಾಡಿಸುತ್ತೇವೆ. ನಾಲ್ಕು ಬಣ್ಣಗಳ ಮುದ್ರಣಕ್ಕೆ ನಾಲ್ಕು ಫಲಕಗಳು ಸಿದ್ಧವಾದ ಮೇಲೆ ದಾನಿಗಳ ಹೆಸರೊಂದನ್ನು ಸೇರಿಸಿರೆನ್ನುತ್ತೇವೆ. ಹೊಸ ಫಲಕದ ವೆಚ್ಚ ಯಾರದೆಂದು ಕೇಳುವುದಿಲ್ಲ. ಉತ್ಸವ ಮುಗಿದು ತಿಂಗಳುಗಳಾದರೂ ಬಾಕಿ ತೀರಿರುವುದಿಲ್ಲ. ಕಾಗದದ ವ್ಯಾಪಾರಿಗೂ ಕೆಲಸದಾಳಿಗೂ ಮುದ್ರಕನು ಅಷ್ಟರಲ್ಲಿ ತನ್ನ ಕೈಯಿಂದಲೇ ತೆತ್ತಿರುತ್ತಾನೆ.

ಇದನ್ನು ಜಾಣತನವೆನ್ನುವವರಿದ್ದಾರೆ. ನಾನು ಇದನ್ನು ಅದತ್ತಾದಾನವೆನ್ನುತ್ತೇನೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಕನ್ನ ಕೊರೆಯಬೇಕಾಗಿಲ್ಲ. ಒಬ್ಬನ ದುಡಿಮೆಯ ಹಣವನ್ನು ತಡೆಹಿಡಿದರೂ ಸಾಕು. ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಅಳತೆ ತೂಕಗಳಲ್ಲಿನ ಮೋಸ ಅವುಗಳಲ್ಲೊಂದು. ಅಸಲಿನ ಬದಲು ನಕಲನ್ನು ನಡೆಸುವ ಪ್ರತಿರೂಪಕ ವ್ಯವಹಾರ ಇನ್ನೊಂದು. ಅಂಗಡಿಯ ತಕ್ಕಡಿಗೆ ಸಲ್ಲುವ ನಿಯಮ ಪರರ ವಿನ್ಯಾಸಕ್ಕೆ ಸಲ್ಲದೇ?

ಟ್ರಸ್ಟಿನ ಹಣ ದೇವದ್ರವ್ಯ, ಅದನ್ನು ಮಿತವಾಗಿ ಬಳಸುವುದು ನಮ್ಮ ಹೊಣೆ ಎಂದು ಪದಾಧಿಕಾರಿಗಳು ಹೇಳುವರು. ಮಾತು ಸತ್ಯ. ಆದರೆ ಮಿತವ್ಯಯಕ್ಕೆ ನೇರವಾದ ದಾರಿಯಿದೆ: ಪ್ರತಿಗಳನ್ನು ಕಡಿಮೆ ಮಾಡಿ, ಹೊಳಪಿನ ಹೊದಿಕೆಯನ್ನು ಬಿಡಿ, ಪುಟಗಳನ್ನು ಇಳಿಸಿ. ಅಪರಿಗ್ರಹವೆಂದರೆ ನಮ್ಮ ಬೇಡಿಕೆಯನ್ನು ಕುಗ್ಗಿಸುವುದು, ದುಡಿದವನ ಕೂಲಿಯನ್ನಲ್ಲ. ಮುದ್ರಕನು ಸ್ವಸಂತೋಷದಿಂದ ಬಿಟ್ಟುಕೊಟ್ಟರೆ ಅದು ದಾನ, ಅದರ ಪುಣ್ಯ ಅವನದು. ಮುಂದಿನ ಕೆಲಸ ತಪ್ಪೀತೆಂಬ ಭಯದಿಂದ ಅವನು ಬಿಟ್ಟುದನ್ನು ದಾನವೆಂದು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ಧರ್ಮವಲ್ಲ.

ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿಯೆಂದು ಸ್ಮರಿಸುತ್ತೇವೆ. ಆಕೆಯದು ತನ್ನ ಸಂಪತ್ತಿನ ದಾನ, ಲಿಪಿಕಾರರ ಸಂಪತ್ತಿನದಲ್ಲ. ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ವು 1890ರಲ್ಲಿ ಬಿ.ಎಲ್. ರೈಸರ ಸಂಪಾದನೆಯಲ್ಲಿ ಹೊರಬಂದುದು ಇದೇ ಬೆಂಗಳೂರಿನಲ್ಲಿ. ಓಲೆಗರಿಯಿಂದ ಅಚ್ಚಿಗೆ ಬಂದ ನಮ್ಮ ಸಾಹಿತ್ಯವು ಮೊಳೆ ಜೋಡಿಸಿದ ಕೈಗಳಿಗೆ ಋಣಿಯಾಗಿದೆ.

ಲೌಕಿಕ ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ತಡೆಯಕೂಡದೆಂದು 2006ರ ಕಾಯ್ದೆ ವಿಧಿಸಿದೆ. ಮೀರಿದರೆ ಚಕ್ರಬಡ್ಡಿ ತೆರಬೇಕು. ಸರ್ಕಾರ ಬಡ್ಡಿಯ ಭಯದಿಂದ ಮಾಡಿಸುವುದನ್ನು ಅಣುವ್ರತಿಗಳು ವ್ರತದಿಂದಲೇ ಮಾಡಬೇಡವೇ?

ಆದುದರಿಂದ ಪ್ರತಿಯೊಂದು ಬಸದಿಯ ಟ್ರಸ್ಟು ಈ ನಾಲ್ಕನ್ನು ನಿರ್ಣಯವಾಗಿ ಬರೆದಿಡಲಿ: ಮಾದರಿಗೂ ಶುಲ್ಕ ಕೊಡುವುದು, ಕೆಲಸಕ್ಕೆ ಮುನ್ನ ಕಾಗದದ ವೆಚ್ಚವನ್ನು ಮುಂಗಡವಾಗಿ ಸಲ್ಲಿಸುವುದು, ಒಪ್ಪಿಗೆಯ ಸಹಿಯಾದ ಮೇಲಿನ ತಿದ್ದುಪಡಿಯ ಖರ್ಚನ್ನು ತಾನೇ ಭರಿಸುವುದು, ಪ್ರತಿಗಳು ಕೈಸೇರಿದ ದಿನವೇ ಉಳಿದ ಹಣ ತೀರಿಸುವುದು. ಮನೆಯ ಮದುವೆಯ ಪತ್ರಿಕೆಗೂ ಇದೇ ಕ್ರಮವಿರಲಿ. ಮುದ್ರಕನ ಬಾಕಿಯನ್ನು ಉಳಿಸಿಕೊಂಡು ಕ್ಷಮಾವಣಿಯ ಪತ್ರವನ್ನು ಅವನಿಂದಲೇ ಅಚ್ಚು ಹಾಕಿಸುವ ಸಮಾಜವು ಆ ಪತ್ರವನ್ನು ಮೊದಲು ಅವನಿಗೇ ಕಳುಹಿಸಬೇಕು, ಹಣದೊಂದಿಗೆ.