ಹಾರ್ನ್ ಗೋಡೆ ಕಡೆ ತಿರುಗಿಸಿದ ಹುಡುಗರಿಗೆ ಊರಿನ ಮೈಕೂ ಕೊಡಿ

ಆತಗೂರು ಕಡೆ ಮನೆಯಲ್ಲೇ ಸ್ಪೀಕರ್ ಬಾಕ್ಸ್ ಕಟ್ಟುವ ಹುಡುಗರಿದ್ದಾರೆ. ಪ್ಲೈವುಡ್ ತುಂಡು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸ್ಪೀಕರ್, ಯಾವುದೋ ಹಳೇ ಮೈಕ್ ಸೆಟ್ಟಿನ ಹಾರ್ನ್. ಅವರಲ್ಲಿ ಒಬ್ಬ ದೊಡ್ಡ ಸ್ಪೀಕರನ್ನು ಮುಂದಕ್ಕೆ ಇಟ್ಟು, ಹಾರ್ನನ್ನು ಮಾತ್ರ ಹಿಂದಿನ ಗೋಡೆ ಕಡೆ ತಿರುಗಿಸಿದ್ದಾನೆ. ನೋಡಿದವರೆಲ್ಲ ಕೇಳುವುದು ಒಂದೇ: "ಏನ್ಲಾ, ಉಲ್ಟಾ ಹಾಕಿದ್ದೀಯಲ್ಲೋ?" ಅವನದ್ದೂ ಒಂದೇ ಉತ್ತರ: "ಬೇಕಂತ್ಲೇ ಹಾಕಿರೋದು ಕಣಣ್ಣ."

ಅವನು ಹೇಳುವುದು ಸರಿ. ಹಾರ್ನ್ ಅಂದರೆ ಟಾರ್ಚ್ ಇದ್ದ ಹಾಗೆ, ಎತ್ತ ತಿರುಗಿಸಿದರೆ ಅತ್ತಲೇ ಸದ್ದು. ಹತ್ತು ಅಡಿ ಕೋಣೆಯಲ್ಲಿ ಅದನ್ನು ಮುಖಕ್ಕೆ ಹಿಡಿದರೆ ಕಿವಿ ಚುಚ್ಚುತ್ತದೆ. ಗೋಡೆಗೆ ಹೊಡೆದು ಬಂದರೆ ಅದೇ ಸದ್ದು ಕೋಣೆ ತುಂಬ ಹರಡಿ ಮೆತ್ತಗಾಗುತ್ತದೆ. ಅಮೆರಿಕದಲ್ಲಿ ಅಮರ್ ಬೋಸ್ ಎಂಬ ಪ್ರೊಫೆಸರ್ (ತಂದೆ ಬಂಗಾಳದವರು) 1968ರಲ್ಲಿ ಮಾರುಕಟ್ಟೆಗೆ ತಂದ 901 ಎಂಬ ಸ್ಪೀಕರಿನಲ್ಲಿ ಒಟ್ಟು 9 ಸ್ಪೀಕರ್‌ಗಳು. ಅದರಲ್ಲಿ ಒಂದು ಮಾತ್ರ ಕೇಳುವವರ ಕಡೆ, ಉಳಿದ 8 ಗೋಡೆ ಕಡೆ. ಅದನ್ನು ಯಾರೂ ಉಲ್ಟಾ ಅನ್ನಲಿಲ್ಲ, ದುಡ್ಡು ಕೊಟ್ಟು ಕೊಂಡರು.

ಆದರೆ ಎಷ್ಟು ದೂರದ ಗೋಡೆ ಅನ್ನುವುದರಲ್ಲಿದೆ ಆಟ. ಸದ್ದು ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತದೆ. ಹಾರ್ನಿನಿಂದ ಗೋಡೆ ಒಂದು ಮೀಟರ್ ಇದ್ದರೆ ಹೋಗಿ ಬರಲು ಎರಡು ಮೀಟರ್, ಅಂದರೆ ಸುಮಾರು 6 ಮಿಲಿಸೆಕೆಂಡ್ ತಡ. ಮಾತಿನಲ್ಲಿ ಸುಮಾರು 30 ಮಿಲಿಸೆಕೆಂಡಿನ ಒಳಗೆ ಬಂದ ಎರಡನೇ ಸದ್ದನ್ನು ನಮ್ಮ ಕಿವಿ ಬೇರೆ ಅಂತ ಎಣಿಸುವುದಿಲ್ಲ, ಮೊದಲನೆಯದರ ಜೊತೆಗೇ ಸೇರಿಸಿಬಿಡುತ್ತದೆ. 1949ರಲ್ಲೇ ಜರ್ಮನಿಯ ಹೆಲ್ಮುಟ್ ಹಾಸ್ ಇದನ್ನು ಅಳೆದು ಬರೆದಿದ್ದಾರೆ. ನಮ್ಮ ಹುಡುಗ ಅದನ್ನು ಓದಿಲ್ಲ. ಬಾಕ್ಸನ್ನು ಗೇಣು ಗೇಣು ಸರಿಸಿ ಸರಿಸಿ ಕಂಡುಕೊಂಡಿದ್ದಾನೆ. ಹಾರ್ನಿನ ವೈರು ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಯಾವುದು ಚೆಂದ ಅಂತ ಕೇಳಿ ನೋಡಿದ್ದಾನೆ. ಯೂನಿಟ್ಟಿಗೆ ಕೆಪಾಸಿಟರ್ ಇಲ್ಲದೆ ಬೇಸ್ ಕೊಟ್ಟರೆ ಒಳಗಿನ ತೆಳು ಡಯಾಫ್ರಾಂ ಹಾಳಾಗುತ್ತದೆ ಅನ್ನುವುದನ್ನು ಎರಡು ಯೂನಿಟ್ ಸುಟ್ಟು ಕಲಿತಿದ್ದಾನೆ. ಹೈಸ್ಕೂಲಿನ ವಿಜ್ಞಾನ ಪಾಠ ಇದಕ್ಕಿಂತ ಬೇರೆಯೇನಲ್ಲ. ಇವನ ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಇದೆ, ಅಷ್ಟೇ ವ್ಯತ್ಯಾಸ.

ಹಿಂದೆ ಮಡಕೆ ಬಾಯಿಗೆ ಸ್ಪೀಕರ್ ಕೂರಿಸಿ ಟೇಪ್ ರೆಕಾರ್ಡರ್ ಕೇಳುತ್ತಿದ್ದದ್ದು ಹಿರಿಯರಿಗೆ ನೆನಪಿರಬೇಕು. ಸ್ಪೀಕರ್ ಮುಂದಕ್ಕೆ ತಳ್ಳುವ ಗಾಳಿಗೂ ಹಿಂದಕ್ಕೆ ತಳ್ಳುವ ಗಾಳಿಗೂ ಜಗಳ. ಬಯಲಲ್ಲಿ ಬಿಟ್ಟರೆ ಒಂದನ್ನೊಂದು ಹೊಡೆದುಹಾಕಿ ಬೇಸ್ ಸತ್ತುಹೋಗುತ್ತದೆ. ಹಿಂದಿನ ಗಾಳಿಯನ್ನು ಮಡಕೆ ಕಟ್ಟಿಹಾಕುತ್ತಿತ್ತು, ಅದಕ್ಕೇ ಆ ಗುಮ್ ಎನ್ನುವ ಸದ್ದು.

ಈಗ ಜಗಳದ ವಿಷಯಕ್ಕೆ ಬರೋಣ. ಬಾಕ್ಸ್ ಕಟ್ಟುವವರು ಅಂದರೆ ಊರಿನಲ್ಲಿ "ಡಿಜೆ ಹುಚ್ಚು" ಅಂತ ಬೈಗುಳ. ಗಣೇಶನ ಮೆರವಣಿಗೆಯಲ್ಲಿ ಎದೆ ಅದುರುವ ಹಾಗೆ ಹಾಕುವುದನ್ನು ನಾನೂ ಒಪ್ಪುವುದಿಲ್ಲ. ಎಳೇ ಮಗು, ಬಾಣಂತಿ, ಹೃದಯದ ತೊಂದರೆ ಇರುವ ಅಜ್ಜ, ಎಲ್ಲರೂ ಅದೇ ಬೀದಿಯಲ್ಲಿ ಇರುತ್ತಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿಗೆ ಹಗಲು 55 ಡೆಸಿಬಲ್, ರಾತ್ರಿ 45 ಅಂತಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ಪೊಲೀಸರು ಸೆಟ್ಟು ಎತ್ತಿಕೊಂಡು ಹೋದರೆ ಅಳುವುದರಲ್ಲಿ ಅರ್ಥವಿಲ್ಲ.

ಆದರೆ ಬೈಯುವ ನಾವು ಊರಿನ ಮೈಕನ್ನು ಎಂದಾದರೂ ನೆಟ್ಟಗೆ ಕೇಳಿದ್ದೇವಾ? ನಮ್ಮ ಮಂಡ್ಯ ಸೀಮೆಯಲ್ಲಿ ಹಬ್ಬ ಅಂದರೆ ಕುರುಕ್ಷೇತ್ರ ನಾಟಕ ಬೇಕು. ಸ್ಟೇಜಿನ ಮೇಲೆ ಎರಡು ಹಾರ್ನ್, ನೂರು ಮೀಟರ್ ಆಚೆ ಲೈಟು ಕಂಬಕ್ಕೆ ಇನ್ನೆರಡು. ಕಂಬದ ಹತ್ತಿರ ಕೂತವನಿಗೆ ದುರ್ಯೋಧನನ ಮಾತು ಮೊದಲು ಕಂಬದಿಂದ ಬರುತ್ತದೆ, ಸುಮಾರು 0.3 ಸೆಕೆಂಡ್ ಬಿಟ್ಟು ಅದೇ ಮಾತು ಸ್ಟೇಜಿನಿಂದ. ಒಂದರ ಮೇಲೊಂದು ಬಿದ್ದು ಮಾತು ಕಲಸಿದ ಅನ್ನ. ಅರ್ಥವಾಗದೆ ಜನ "ಸೌಂಡ್ ಜಾಸ್ತಿ ಮಾಡ್ರೋ" ಅಂತಾರೆ. ಜಾಸ್ತಿ ಮಾಡಿದರೆ ಕಲಸಿದ್ದೇ ಜಾಸ್ತಿಯಾಗುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ಸ್ ಬೇಕು. 100 ವಾಟ್ಸ್ ಇದ್ದದ್ದು 1,000 ಆಗಬೇಕು. ಬಾಡಿಗೆ ಏರುವುದು ಹಾಗೆ. ಗುಡಿ ಗೋಪುರದ ಹಾರ್ನಿನ ಕತೆಯೂ ಅಷ್ಟೇ: ಗದ್ದೆ ಬಯಲಿಗೆಲ್ಲ ಭಜನೆ, ಗುಡಿ ಒಳಗೆ ಕೂತವರಿಗೆ ಬರೀ ಗೊಯ್ಯೋ.

ಗೋಡೆ ಎಷ್ಟು ದೂರ, ಸದ್ದು ಎಷ್ಟು ತಡ ಅಂತ ಸ್ವಂತ ಕಿವಿಯಲ್ಲಿ ಅಳೆದವನಿಗೆ ಈ ರೋಗ ಗೊತ್ತಾಗುತ್ತದೆ. ಅವನನ್ನೇ ಯಾಕೆ ಕರೆಯಬಾರದು? ಎತ್ತರದ ನಾಲ್ಕು ಹಾರ್ನಿನ ಬದಲು ಸಣ್ಣ ಬಾಕ್ಸುಗಳನ್ನು ಜನ ಕೂತ ಕಡೆಗೆ ಬಗ್ಗಿಸಿ, ಕಮ್ಮಿ ಸದ್ದಿನಲ್ಲಿ ಕಟ್ಟಲಿ. ದೂರದ ಬಾಕ್ಸಿಗೆ ಮಿಕ್ಸರಿನಲ್ಲಿ ಡಿಲೇ ಇದ್ದರೆ ಸ್ಟೇಜಿನ ಸದ್ದು ತಲುಪುವಷ್ಟು ಹೊತ್ತು ತಡೆಸಲಿ. ಡಿಲೇ ಇಲ್ಲದಿದ್ದರೆ ದೂರದ್ದನ್ನು ಬಿಚ್ಚಿ, ಜನರನ್ನೇ ಹತ್ತಿರ ಕೂರಿಸಲಿ. ಇದಕ್ಕೆ ಐಟಿಐನವರು ವಾರಕ್ಕೆ ಒಂದು ಸಂಜೆ ಮೇಜು ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಈಗ ಇವರು 230 ವೋಲ್ಟಿನ ವೈರನ್ನು ಮಂಚದ ಮೇಲೆ ಬಿಚ್ಚಿಟ್ಟುಕೊಂಡು ಕೆಲಸ ಮಾಡುತ್ತಾರೆ. ಅದು ನನಗೆ ಡಿಜೆಗಿಂತ ಹೆಚ್ಚು ಭಯ.

ಹಬ್ಬದ ಕಮಿಟಿಯವರು ಈ ಸಲ ಮೈಕ್ ಸೆಟ್ಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ಕೆಲಸ ಮಾಡಲಿ. ಹಿಂದಿನ ದಿನ ಸಂಜೆ ಮೈಕ್ ಹಾಕಿಸಿ, ಒಬ್ಬ ದಿನಪತ್ರಿಕೆ ಓದಲಿ, ಈ ಹುಡುಗ ಮೈದಾನದ ಕೊನೇ ಸಾಲಿಗೆ ಹೋಗಿ ನಿಲ್ಲಲಿ. ಅವನಿಗೆ ಎಷ್ಟು ಪದ ಸರಿಯಾಗಿ ಕೇಳಿತು ಅಂತ ಕೇಳಿ ನೋಡಿ, ಆಮೇಲೆ ಎಷ್ಟು ವಾಟ್ಸ್ ಬೇಕು ಅಂತ ಮಾತಾಡಿ.