ಮ್ಯಾಟಿ ಬಟ್ಟೆಯ ಹುಲಿ, ಕಾಡಿನ ಹುಲಿ

ಮ್ಯಾಟಿ ಬಟ್ಟೆಯ ಮೇಲೆ ಹುಲಿಯ ಮುಖ ಹಾಕುವ ಸೋದರಿಯರೇ, ಒಂದು ಮಾತು. ಎಡಗೆನ್ನೆಯ ಪಟ್ಟೆಗಳನ್ನೇ ಎಣಿಸಿಕೊಂಡು ಬಲಗೆನ್ನೆಗೂ ಹಾಕಿಬಿಡುತ್ತೇವಲ್ಲ, ಕಾಡಿನ ಹುಲಿ ಹಾಗಿಲ್ಲ. ಅದರ ಒಂದು ಪಕ್ಕದ ಪಟ್ಟೆ ಇನ್ನೊಂದು ಪಕ್ಕಕ್ಕೆ ಹೊಂದುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದು ಹುಲಿಗಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಕಣ್ಣಿನ ಪಾಪೆಯೂ ಬೆಕ್ಕಿನದರಂತೆ ಸೀಳಲ್ಲ, ದುಂಡಗೆ. ಕ್ಯಾಲೆಂಡರ್ ಬರೆಯುವವರು ಇದನ್ನೆಲ್ಲ ಎಲ್ಲಿ ನೋಡುತ್ತಾರೆ! ಬಾಯಿ ತೆರೆಸಿ ಕೋರೆಹಲ್ಲು ತೋರಿಸಿದರೆ ಅವರಿಗೆ ಸಾಕು.

ಪಟ್ಟೆಗೆ ಯಾಕಿಷ್ಟು ಮಾತು ಅಂತೀರಾ? ಹಿಂದೆ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಕೆಸರಿನಲ್ಲಿ ಒಂದು ಥರ, ಮರಳಿನಲ್ಲಿ ಇನ್ನೊಂದು ಥರ ಮೂಡುವ ಹೆಜ್ಜೆ. ಒಂದೇ ಹುಲಿ ಎರಡಾಗುವುದು ಏನು ಕಷ್ಟ? ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಲೆಕ್ಕದ ಪುಸ್ತಕದ ತುಂಬ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ! ಕಳ್ಳಬೇಟೆಯವರು ಮುಗಿಸಿಬಿಟ್ಟಿದ್ದರು. ಡಬ್ಬಿ ತೆರೆದು ನೋಡದೆ ಅಕ್ಕಿ ಇದೆಯೆಂದು ಎಸರಿಟ್ಟ ಹಾಗಾಯಿತು.

ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಪಟ್ಟೆಯಿಂದ ಹುಲಿ ಗುರುತಿಸತೊಡಗಿದ್ದರು. ಎರಡು ಕ್ಯಾಮೆರಾ ಯಾಕೆಂದು ನಿಮಗೀಗ ಗೊತ್ತಾಯಿತಲ್ಲ! ಈಗ ದೇಶದ ಹುಲಿ ಎಣಿಕೆಗೆ ಕ್ಯಾಮೆರಾ ಬೇಕೇ ಬೇಕು. 2022ರ ಎಣಿಕೆಯಲ್ಲಿ ಕರ್ನಾಟಕದ ಪಾಲಿಗೆ 563 ಹುಲಿ ಅಂತ ಅಂದಾಜು.

ಸರಿ, ಇನ್ನೊಂದು ಸಲ ಹುಲಿ ಹಾಕುವಾಗ ಎರಡು ಗೆನ್ನೆಗೆ ಎರಡು ಥರ ಪಟ್ಟೆ ಹಾಕಿ ನೋಡಿ. ಕಪ್ಪು ದಾರ ಮಾತ್ರ ಬಣ್ಣ ಬಿಡದ್ದೇ ಆಗಿರಲಿ. ಒಂದೆಳೆ ಮೊದಲೇ ನೀರಿನಲ್ಲಿ ನೆನೆಸಿ ನೋಡಿಕೊಳ್ಳಿ.