ಗ್ಲಾಸಿನೊಳಗೆ ಗೋಕರ್ಣ!

ಬೆಂಗಳೂರಿಗೆ ಕಡಲಿಲ್ಲ. ಆದರೆ ಹಲಸೂರಿಗೆ ಒಂದು 'ಲಿಡೋ' ಇತ್ತು! ಇಟಲಿ ಭಾಷೆಯಲ್ಲಿ ಲಿಡೋ ಅಂದರೆ ಕಡಲ ದಂಡೆ. ವೆನಿಸ್ ಪಕ್ಕದ ಲಿಡೋ ದ್ವೀಪದಲ್ಲಿ 1932ರಲ್ಲಿ ಶುರುವಾದ ಚಿತ್ರೋತ್ಸವ ಇವತ್ತಿಗೂ ನಡೀತಿದೆ. ನಮ್ಮ ಹಲಸೂರಿನ ಲಿಡೋ ಥಿಯೇಟರ್ ಹೋಯಿತು, ಆ ಜಾಗಕ್ಕೆ ಮಾಲ್ ಬಂತು. ಇರಲಿ ಬಿಡಿ. ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಹುಡುಗರು ಕಡಲನ್ನು ಮೊದಲು ನೋಡಿದ್ದು ಬೆಳ್ಳಿತೆರೆಯ ಮೇಲೆ. ಉಪ್ಪುನೀರು ಕಾಲಿಗೆ ತಾಗಿದ್ದು ಆಮೇಲೆ!

ತೆರೆಯ ಮೇಲೆ ಕಡಲು ಬಂತೆಂದರೆ ಹಿಂದೆಯೇ ಗ್ಲಾಸೂ ಬರುತ್ತೆ. 1962ರ 'ಡಾಕ್ಟರ್ ನೋ' ನೋಡಿ. ಜಮೈಕಾದ ದಂಡೆ, ಅಲೆಯಿಂದ ಎದ್ದು ಬರುವ ನಾಯಕಿ, ಬಾಂಡ್ ಕೈಯಲ್ಲಿ ವೋಡ್ಕಾ ಮಾರ್ಟಿನಿ! 1988ರ 'ಕಾಕ್‌ಟೇಲ್' ಚಿತ್ರದಲ್ಲಂತೂ ಟಾಮ್ ಕ್ರೂಸ್ ಬಾಟಲಿಗಳನ್ನು ಗಾಳಿಯಲ್ಲಿ ಹಾರಿಸಿ ಹಿಡಿದದ್ದೇ ಹಿಡಿದದ್ದು. ಅಲ್ಲೂ ಜಮೈಕಾದ ದಂಡೆ ಉಂಟು.

ಕನ್ನಡದಲ್ಲಿ? 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ಕೊಟ್ಟಿತು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999'. ಅಣ್ಣಾವ್ರು ನಮ್ಮ ಬಾಂಡ್ ಆದರು. ಆದರೆ ಒಂದು ವ್ಯತ್ಯಾಸ ಗಮನಿಸಿ. ಬಾಂಡ್ ಅಂದರೆ ಮಾರ್ಟಿನಿ ನೆನಪಾಗುತ್ತೆ. ನಮ್ಮ 999 ಅಂದರೆ ಯಾರಿಗಾದರೂ ಗ್ಲಾಸ್ ನೆನಪಾಗುತ್ತಾ? ಇಲ್ಲ ಸ್ವಾಮಿ! ಈ ಮಾತನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ಓದಿ.

ದಂಡೆಯ ಹೆಸರಿನ ಗ್ಲಾಸಿಗೂ ಚರಿತ್ರೆಯಿದೆ. ಕ್ಯೂಬಾದ ಸಾಂಟಿಯಾಗೋ ಊರಿನ ಹತ್ತಿರ ಡೈಕಿರಿ ಅಂತ ಒಂದು ಕಡಲ ದಂಡೆ. ಅಲ್ಲಿನ ಗಣಿಯಲ್ಲಿ ಜೆನ್ನಿಂಗ್ಸ್ ಕಾಕ್ಸ್ ಅನ್ನುವ ಅಮೆರಿಕದ ಎಂಜಿನಿಯರ್ ಇದ್ದ. 1898ರ ಸುಮಾರಿಗೆ ಆತ ಜೊತೆಗಾರರಿಗಾಗಿ ರಮ್, ನಿಂಬೆಹುಳಿ, ಸಕ್ಕರೆ ಬೆರೆಸಿಕೊಟ್ಟ, ಅದಕ್ಕೆ ದಂಡೆಯ ಹೆಸರೇ ನಿಂತಿತು ಅಂತ ಹೇಳುತ್ತಾರೆ. ಮೂರೇ ಸಾಮಾನು! ಇವತ್ತು ಜಗತ್ತಿನ ಬಾರುಗಳಲ್ಲೆಲ್ಲ 'ಡೈಕಿರಿ' ಸಿಗುತ್ತೆ.

ಹಾಗಾದರೆ ನಮ್ಮ ದಂಡೆಗೆ ಯಾಕೆ ಒಂದು ಗ್ಲಾಸಿಲ್ಲ? ಈ ಪ್ರಶ್ನೆ ಹುಟ್ಟಿದ್ದು ಇಂದಿರಾನಗರದ ನೂರಡಿ ರಸ್ತೆಯ ಒಂದು ಬಾರಿನಲ್ಲಿ. ಹಲಸೂರಿನ ನನ್ನ ಗೆಳೆಯ ಅಲ್ಲಿ ಶೇಕರ್ ಅಲ್ಲಾಡಿಸುವ ಕೆಲಸದಲ್ಲಿದ್ದಾನೆ. 'ಹೊಸದೇನಾದರೂ ಮಾಡಪ್ಪಾ' ಅಂದರಂತೆ ಮ್ಯಾನೇಜರು. ಇವನಿಗೆ ಥಟ್ಟನೆ ನೆನಪಾದದ್ದು ಗೋಕರ್ಣ.

ಎರಡು ವರ್ಷದ ಹಿಂದೆ ನಾವು ನಾಲ್ವರು ಗೋಕರ್ಣಕ್ಕೆ ಹೋಗಿದ್ದೆವು. ಹಲಸೂರಿನ ಇವನು, ಶಿವಾಜಿನಗರದ ಬೈಕ್ ಮೆಕ್ಯಾನಿಕ್, ಕೆ.ಆರ್. ಪುರದ ಲೇತ್ ಆಪರೇಟರ್, ಜೊತೆಗೆ ನಾನು. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು. ಬೆಳಿಗ್ಗೆ ಕುಡ್ಲೆ ದಂಡೆ, ಗುಡ್ಡ ಹತ್ತಿ ಇಳಿದರೆ ಓಂ ದಂಡೆ. ಮೇಲಿನಿಂದ ನೋಡಿದರೆ ನಿಜವಾಗಿಯೂ ಓಂಕಾರ ಬರೆದ ಹಾಗೇ ಇದೆ!

ಅದನ್ನೇ ಗ್ಲಾಸಿಗಿಳಿಸಬೇಕು ಅಂತ ನಮ್ಮ ಹಲಸೂರಿನ ವೀರ ಮೊದಲು ಮಾಡಿದ್ದೇನು ಗೊತ್ತಾ? ವೋಡ್ಕಾ, ಅದರ ಮೇಲೆ ನೀಲಿ ಕ್ಯುರಸಾವ್, ತುದಿಗೊಂದು ಕಾಗದದ ಕೊಡೆ! ನೋಡೋಕೆ ಸ್ಟುಡಿಯೋದಲ್ಲಿ ಹಾಕಿದ ಕಡಲಿನ ಸೆಟ್ಟು. ಕ್ಯುರಸಾವ್ ಅಂದರೆ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಮದ್ಯ. ಅದರ ನೀಲಿ ಕಡಲಿನದ್ದಲ್ಲ, ಕಲಸಿದ ಬಣ್ಣ.

ರುಚಿ ನೋಡೋಕೆ ನಮ್ಮನ್ನೆಲ್ಲ ತನ್ನ ರೂಮಿಗೆ ಕರೆದ. ಮೆಕ್ಯಾನಿಕ್ ಕುಡಿದು 'ಪರವಾಗಿಲ್ಲ ಗುರು' ಅಂದ. ಕೆ.ಆರ್. ಪುರದವನು ಗ್ಲಾಸನ್ನು ಮೂಗಿನ ಹತ್ತಿರ ತಂದ, ಕೆಳಗಿಟ್ಟ. 'ಮಗಾ, ಇದರಲ್ಲಿ ನಾನೆಲ್ಲಿದ್ದೀನೋ?' ಅಂದ.

ಎಲ್ಲರೂ ತೆಪ್ಪಗಾದೆವು. ಅವನು ಕುಡಿಯೋಲ್ಲ. ಅವನಿಗೆ ಎಂಟು ವರ್ಷವಿದ್ದಾಗ ಅಪ್ಪ ಪ್ಯಾಕೆಟ್ ಸಾರಾಯಿಗೆ ಬಲಿಯಾದರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಆ ಮನೆಗೆ ಅದು ತಡವಾಗಿ ಬಂದ ಸುದ್ದಿ.

ಇನ್ನೊಂದು ವಿಷಯ. ಗೋಕರ್ಣದಲ್ಲಿ ಸಂಜೆ ಹಲಸೂರಿನವನು ಎರಡು ಪೆಗ್ ಏರಿಸಿ ನೀರಿಗಿಳಿದಿದ್ದ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತೆ. ಇವನು ಬಿದ್ದ, ಎದ್ದ, ಮತ್ತೆ ಬಿದ್ದ. ನಾವು ನಗುತ್ತಿದ್ದಾನೆ ಅಂದುಕೊಂಡೆವು. ದಡದಲ್ಲಿ ಚಪ್ಪಲಿ, ಮೊಬೈಲು ಕಾಯುತ್ತಾ ಕೂತಿದ್ದ ಕೆ.ಆರ್. ಪುರದವನಿಗೆ ಮಾತ್ರ ಅದು ನಗುವಲ್ಲ ಅಂತ ಕಂಡಿತು. ಓಡಿಹೋಗಿ ಕಾಲರ್ ಹಿಡಿದು ಎಳೆದು ತಂದ. ಫೈಟ್ ಮಾಸ್ಟರ್ ಇಲ್ಲ, ಡ್ಯೂಪ್ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ!

ಅವನೇ ಎತ್ತಲಾಗದ ಗ್ಲಾಸಿಗೆ ಗೋಕರ್ಣ ಅಂತ ಹೆಸರಿಡೋದಾ?

ಹಲಸೂರಿನವನು ನೀಲಿ ನೀರನ್ನು ಸಿಂಕಿಗೆ ಸುರಿದ. 'ಆ ದಿನ ನೀನು ಕುಡಿದದ್ದೇನು?' ಅಂತ ಕೇಳಿದ. 'ಗುಡ್ಡದ ಕೆಳಗೆ ಆ ಅಮ್ಮ ಕೊಟ್ಟಳಲ್ಲ, ಕೆಂಪು ಪಾನಕ. ಎರಡು ಲೋಟ!' ಅಂದ ಅವನು.

ಸಿಕ್ಕಿತು! ಅದು ಮುರುಗಲ ಹಣ್ಣಿನ ಪಾನಕ. ಮಂಗಳೂರು ಕಡೆ ಪುನರ್ಪುಳಿ, ಹೊರಗಿನವರಿಗೆ ಕೋಕಂ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳಿವೆ. ಉತ್ತರ ಕನ್ನಡದ ಮನೆಗಳಲ್ಲಿ ಜೋನಿ ಬೆಲ್ಲವಿದೆ, ಜೇನಿನ ಹಾಗೆ ಸುರಿಯುವ ಬೆಲ್ಲ. ಹುಳಿ, ಉಪ್ಪು, ಸಿಹಿ ಮೂರೂ ಅಲ್ಲೇ ಇದ್ದವು. ನಾವು ಜಮೈಕಾಕ್ಕೆ ಹೋಗಿ ಹುಡುಕುತ್ತಿದ್ದೆವು!

ಬರೆದುಕೊಳ್ಳಿ. ಎಂಟು-ಹತ್ತು ಒಣ ಮುರುಗಲ ಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ, ಆರಿಸಿ. ಒಂದು ಗ್ಲಾಸಿಗೆ ಆ ನೀರು 90 ಮಿ.ಲೀ., ಜೋನಿ ಬೆಲ್ಲ 20, ನಿಂಬೆರಸ 10, ಅರ್ಧ ಚಮಚ ಶುಂಠಿರಸ. ಶೇಕರ್ ಇಲ್ಲವಾ? ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ಸಾಕು. ಐಸ್ ತುಂಬಿ ಹನ್ನೆರಡು ಎಣಿಸುವವರೆಗೆ ಕುಲುಕಿ. ಕುಲುಕೋದು ಸ್ಟೈಲಿಗಲ್ಲ. ಐಸ್ ಸ್ವಲ್ಪ ಕರಗಿದರೇನೇ ಹುಳಿಯ ಮೊನೆ ಮೊಂಡಾಗೋದು. ಗ್ಲಾಸಿನ ಅಂಚಿಗೆ ನಿಂಬೆ ಸವರಿ ಉಪ್ಪಿನಲ್ಲಿ ಅದ್ದಿ, ಪಾನಕ ಸುರಿದು ಮೇಲೆ ಸೋಡಾ ಹಾಕಿ. ಸೋಡಾ ಹಾಕಿ ಮಾತ್ರ ಕುಲುಕಬೇಡಿ, ಮುಚ್ಚಳ ಸೂರಿಗೆ ಹಾರುತ್ತೆ!

ಇಷ್ಟಕ್ಕೆ ಪಾನೀಯ ಮುಗಿಯಿತು. ಪೂರ್ತಿ ಮುಗಿಯಿತು. ರಮ್ ಬೇಕಾದವನು ಕುಲುಕುವ ಮೊದಲು ತನ್ನ ಪಾಲಿಗೆ 45 ಮಿ.ಲೀ. ಸೇರಿಸಿಕೊಳ್ಳಲಿ. ಬೆಲ್ಲವೂ ಕಬ್ಬಿನದು, ರಮ್ಮೂ ಕಬ್ಬಿನ ಕಾಕಂಬಿಯದು, ಹೊಂದಿಕೊಳ್ಳುತ್ತೆ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕ ಕೇಂದ್ರವಿರುವ ಹಲಸೂರಿನಲ್ಲಿ ರಮ್ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ! ಆದರೆ ರಮ್ ಇಲ್ಲದ ಗ್ಲಾಸು ಅರ್ಧ ಗ್ಲಾಸಲ್ಲ. ಬಣ್ಣ ಒಂದೇ, ಉಪ್ಪು ಒಂದೇ. ಮೇಜಿನ ಮೇಲಿಟ್ಟರೆ ಯಾರದ್ದು ಯಾವುದು ಅಂತ ಗೊತ್ತಾಗೋಲ್ಲ.

ಮ್ಯಾನೇಜರು ಮೂಗು ಮುರಿದರಂತೆ. 'ರಮ್ ಇಲ್ಲದೆ ಮಾರಿದರೆ ಲಾಭವೆಲ್ಲಿ?' ಹಲಸೂರಿನವನು ಹಟ ಬಿಡಲಿಲ್ಲ. ಎರಡೂ ಬಗೆ ಹಾಕಿದರೆ ಹಾಕಿ, ಇಲ್ಲದಿದ್ದರೆ ನನ್ನ ಪಾನೀಯವೇ ಬೇಡ ಅಂದ. ಈಗ ಭಾನುವಾರ ಮಾತ್ರ ಬೋರ್ಡಿನ ಮೇಲೆ ಬರೀತಾರೆ. ಹೆಸರು ಗೋಕರ್ಣ ಅಲ್ಲ, 'ನಾಲ್ಕು ಟಿಕೆಟ್'. ಬಸ್ಸಿಗೂ ನಾವು ಕೇಳಿದ್ದು ಅದೇ, ಥಿಯೇಟರ್ ಕೌಂಟರಿನಲ್ಲೂ ಕೇಳೋದು ಅದೇ.

ಪಾರ್ಟಿಗಳಲ್ಲಿ ನೋಡಿದ್ದೀನಿ. ಕುಡಿಯದ ಹುಡುಗನಿಗೆ ಒಂದು ಪೆಪ್ಸಿ ಕೊಟ್ಟು ಮೂಲೆಗೆ ಕೂರಿಸ್ತಾರೆ. ಕೊನೆಗೆ ಎಲ್ಲರನ್ನೂ ಮನೆ ಮುಟ್ಟಿಸೋನೂ ಅವನೇ, ಕಡಲಿನಿಂದ ಎಳೆದು ತರೋನೂ ಅವನೇ! ಅಣ್ಣಾವ್ರ ಅಭಿಮಾನಿಗಳಿಗೆ ಹೇಳಬೇಕಾ, ಕೈಯಲ್ಲಿ ಗ್ಲಾಸಿಲ್ಲದವನೂ ಹೀರೋ ಆಗಬಹುದು ಅಂತ? ಮುಂದಿನ ಸಲ ಗ್ಯಾಂಗ್ ಸೇರಿದಾಗ ಮೊದಲ ಗ್ಲಾಸು ಅವನಿಗೆ ಹೊಂದುವ ಹಾಗೆ ಮಾಡಿ. ಕುಡಿದು ಕಡಲಿಗೆ ಮಾತ್ರ ಇಳಿಯಬೇಡಿ. ಎಲ್ಲ ದಡದಲ್ಲೂ ಒಬ್ಬ ಕೆ.ಆರ್. ಪುರದವನು ಕೂತಿರೋಲ್ಲ.

ಏನಂತೀರಾ? ಬಸ್ ಬಂತು, ಹತ್ತಿ. ಮುಂದಿನ ವಾರ ಸಿಗೋಣ!